ತೂಬಿನ ಸರದಿ

ಮೊನ್ನೆ ಹರಿಹರದಿಂದ ಭಾನುವಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಆಗಷ್ಟೇ ಕೊಯ್ದ ಭತ್ತದ ಹಸಿಹುಲ್ಲಿನ ವಾಸನೆ, ಅದರ ಬೆನ್ನಿಗೇ ಸುಟ್ಟ ಡೀಸೆಲ್ಲಿನ ವಾಸನೆ, ಎರಡೂ ಒಟ್ಟಿಗೆ ಒಳಗೆ ನುಗ್ಗಿದವು. ಪಕ್ಕದಲ್ಲಿದ್ದ ಅಜ್ಜಿ ಮೂಗರಳಿಸಿ, "ಸುಗ್ಗಿ ವಾಸ್ನೆ ನೋಡವ್ವ, ಎಷ್ಟ್ ಚೆಂದ ಐತೆ," ಅಂದಳು. ಹೂಂ ಅಂದೆ. ಆದರೆ ಆ ವಾಸನೆಗೆ ನನಗೆ ನೆನಪಾಗುವುದು ಜಗಳ. ಒಂದು ಬೇಸಿಗೆಯಿಡೀ ಈ ಗದ್ದೆಗಳ ಬದುವಿನ ಮೇಲೆ, ಕರೂರಿನ ಒಂದು ತಗಡಿನ ಶೆಡ್ಡಿನಲ್ಲಿ, ದಾವಣಗೆರೆಯ ಒಂದು ಎ.ಸಿ. ರೂಮಿನಲ್ಲಿ ಆಡಿದ ಜಗಳ. ಆಗ ಆಡಿದ ಮಾತಿನಲ್ಲಿ ಒಂದನ್ನೂ ಇವತ್ತಿಗೂ ನಾನು ಹಿಂದಕ್ಕೆ ತಗೊಳ್ಳುವವಳಲ್ಲ.

ಆ ವರ್ಷ ಕಾಲೇಜು ಮುಗಿಸಿ ದಾವಣಗೆರೆಯಲ್ಲೇ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಸೇರಿದ್ದೆ. ಸಣ್ಣದು ಅಂದರೆ ಬಟ್ಟೆ ಅಂಗಡಿಯ ಮೇಲಿನ ಮಹಡಿ, ಗೋಡೆಗೊಂದು ವೈಟ್‌ಬೋರ್ಡು, ಗಾಜಿನ ರೂಮಿನೊಳಗೆ ಮಾಲೀಕರಾದ ಗಿರೀಶ್ ಸರ್. ಕಾಲೇಜಿನಲ್ಲಿ ನಾನು ಓದಿಗಿಂತ ಚರ್ಚಾಸ್ಪರ್ಧೆಗೆ ಹೆಸರಾದವಳು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಗೆದ್ದ ಕಪ್ಪುಗಳನ್ನೆಲ್ಲ ಅಮ್ಮಿ ಷೋಕೇಸಿನಲ್ಲಿ ಜೋಡಿಸಿಟ್ಟು, ಮನೆಗೆ ಬಂದವರಿಗೆ ತೋರಿಸುತ್ತಿದ್ದಳು. "ಇವೆಲ್ಲ ನಮ್ಮ ಶಾಹೀನನ ಬಾಯಿಗೆ ಬಂದಿದ್ದು. ಕೈಗೆ ಇನ್ನೂ ಏನೂ ಬಂದಿಲ್ಲ."

ಹೋಳಿ ಹುಣ್ಣಿಮೆ ಕಳೆದ ಮರುವಾರ, ರಸ್ತೆಯ ಬಣ್ಣ ಇನ್ನೂ ಮಾಸಿರಲಿಲ್ಲ, ಸುವರ್ಣಮ್ಮ ಮಹಡಿ ಹತ್ತಿ ಬಂದರು. ಭತ್ತ ಕೊಯ್ಯುವ ಮಿಷನ್ನುಗಳನ್ನು ಬಾಡಿಗೆಗೆ ಬಿಡುವುದು ಅವರ ವ್ಯಾಪಾರ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡು, ಭಾನುವಳ್ಳಿ ಸೀಮೆಯಲ್ಲಿ ಗಿರಾಕಿಗಳು. ಇತ್ತೀಚೆಗೆ ಹೊರರಾಜ್ಯದ ಮಿಷನ್ನುಗಳನ್ನು ಲಾರಿ ಮೇಲೆ ತಂದಿಳಿಸುವ ಏಜೆಂಟರು ಹುಟ್ಟಿಕೊಂಡಿದ್ದರು. ಸುವರ್ಣಮ್ಮನಿಗೆ ಫೋನಿನಲ್ಲಿ ಯಾರು ಜೋರು ಮಾಡಿದರೋ ಅವರಿಗೆ ಮಿಷನ್ ಮೊದಲು ಹೋಗುತ್ತೆ ಅನ್ನೋ ಮಾತು ಊರಲ್ಲಿ ಹಬ್ಬಿ, ಜನ ಒಬ್ಬೊಬ್ಬರೇ ಏಜೆಂಟನ ಕಡೆ ಜಾರುತ್ತಿದ್ದರು.

"ನೋಡ್ರಿ, ಈ ಬೇಸಿಗಿ ಸುಗ್ಗಿನಾಗೆ ಭಾನುವಳ್ಳಿ ನನ್ನ ಕೈಯಾಗೆ ಉಳಿದ್ರೆ ನಾನು ಉಳಿದೆ," ಅಂದರು ಕುರ್ಚಿಯ ಅಂಚಿನಲ್ಲಿ ಕೂತು. "ಇಲ್ಲಾಂದ್ರೆ ಮಿಷನ್ ಮಾರಿ ಮನ್ಯಾಗೆ ಕೂಡೋದೇ. ಮೊಬೈಲ್‌ನಾಗೆ ಬುಕಿಂಗ್ ಅಂತಾರಲ್ಲ, ಅದು ಮಾಡ್ಕೊಡ್ರಿ."

ಗಿರೀಶ್ ಸರ್ ಹತ್ತಿರ ಬುಕಿಂಗು ರೆಡಿಯೇ ಇತ್ತು. ಒಂದು ಬ್ಯೂಟಿ ಪಾರ್ಲರಿಗೆ ಮಾಡಿಕೊಟ್ಟಿದ್ದು. "ಕೂದಲು ಕತ್ತರಿಸೋದು, ಭತ್ತ ಕತ್ತರಿಸೋದು, ಲಾಜಿಕ್ ಒಂದೇ," ಅಂತ ತಮ್ಮ ಜೋಕಿಗೆ ತಾವೇ ನಕ್ಕರು. ಸುವರ್ಣಮ್ಮ ನಗಲಿಲ್ಲ. ನಾನೂ ನಗಲಿಲ್ಲ, ಆದರೆ ಆಗ ನನಗೂ ತಪ್ಪು ಎಲ್ಲಿದೆ ಅಂತ ಗೊತ್ತಿರಲಿಲ್ಲ.

ಸಾಫ್ಟ್‌ವೇರಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ತುಂಡು ಇರುತ್ತದೆ, ಅದಕ್ಕೆ ಸರ್ವಿಸ್ ಅಂತೀವಿ. ವೈಟ್‌ಬೋರ್ಡಿನ ಮೇಲೆ ಡಬ್ಬಿ ಡಬ್ಬಿಯಾಗಿ ಚಿತ್ರ ಬರೆದೆ: ಬುಕಿಂಗ್ ತಗೊಳ್ಳುವುದು, ಸರದಿ ಹಚ್ಚುವುದು, ಮಿಷನ್ ಎಲ್ಲಿದೆ ಅಂತ ನೋಡುವುದು, ರೈತನಿಗೆ ಮೆಸೇಜು ಕಳಿಸುವುದು. ಎಲ್ಲದರ ಮೇಲೆ, ಇಷ್ಟೆಲ್ಲ ಯಾತಕ್ಕೆ ಅಂತ ಒಂದು ಸಾಲು ಬರೆಯಬೇಕು. ಗುರಿ. ಸರ್ "ಹೆಚ್ಚು ಬುಕಿಂಗ್" ಅಂತ ಬರಿ ಅಂದರು.

"ಅವರು ಕೇಳಿದ್ದು ಅದಲ್ಲ ಸರ್," ಅಂದೆ. ಚರ್ಚೆಯಲ್ಲಿ ಮೊದಲ ಪಾಠ ಅದು. ವಿಷಯ ಏನು ಅಂತ ಮೊದಲು ಗೊತ್ತುಮಾಡಿಕೋ, ಆಮೇಲೆ ಬಾಯಿ ತೆಗಿ. ಸುವರ್ಣಮ್ಮನ ಕಡೆ ತಿರುಗಿ ಕೇಳಿದೆ. ಅವರು ಹೇಳಿದ್ದನ್ನು ಹೇಳಿದಂಗೇ ಬೋರ್ಡಿನ ತಲೆಗೆ ಬರೆದೆ: ಮಳೆ ಬರೋದ್ರೊಳಗೆ ಎಲ್ಲಾರ ಗದ್ದೆ ಮುಗೀಬೇಕು, ಮುಂದಿನ ಸುಗ್ಗಿಗೂ ನನ್ನೇ ಕರೀಬೇಕು.

ಅವರು ಸಹಿ ಹಾಕಿ ಮೆಟ್ಟಿಲಿಳಿದ ಮೇಲೆ ಸರ್ ಅಂದರು, "ಅದು ಗುರಿ ಅಲ್ಲ ಶಾಹೀನ, ಆಸೆ. ಇರ್ಲಿ. ಸಹಿ ಬಿತ್ತಲ್ಲ, ಇನ್ನು ಚಿತ್ರ ಮುಟ್ಟಬೇಡ. ಒಂದ್ಸಲ ಬರಿ, ಸಹಿ ಹಾಕಿಸು, ಕಟ್ಟು. ಇದು ನಮ್ಮ ಪದ್ಧತಿ."

"ಬರೆದು, ಗದ್ದೆಗೆ ಒಯ್ದು, ಅಲ್ಲಿ ನಡೀತದಾ ನೋಡಿ, ನಡೀದಿದ್ರೆ ಅಳಿಸಿ ಮತ್ತೆ ಬರಿಯೋದು ನನ್ನ ಪದ್ಧತಿ ಸರ್."

"ಅದಕ್ಕೆ ಪದ್ಧತಿ ಅನ್ನಲ್ಲಮ್ಮ, ಚಂಚಲ ಬುದ್ಧಿ ಅಂತಾರೆ."

ಈಗಲೂ ಹೀಗನ್ನುವವರು ಸಿಗುತ್ತಾರೆ, ಗಿರೀಶ್ ಸರ್‌ಗಿಂತ ದೊಡ್ಡ ಕುರ್ಚಿಗಳಲ್ಲಿ. ಅವರಿಗೆ ನನ್ನದೊಂದೇ ಪ್ರಶ್ನೆ. ದರ್ಜಿ ಒಂದೇ ಸಲ ಅಳತೆ ತಗೊಂಡು, ನಡುವೆ ಒಂದು ಸಲವೂ ತೊಡಿಸಿ ನೋಡದೆ, ನಿಮ್ಮ ಮಗಳ ಮದುವೆ ಕುಪ್ಪಸ ಹೊಲಿದುಕೊಟ್ಟರೆ ಸುಮ್ಮನಿರುತ್ತೀರಾ? ಕುಪ್ಪಸಕ್ಕೆ ಬೇಕಾಗುವ ಬುದ್ಧಿ ಕಂಪನಿಗೆ ಬೇಡವಾಯಿತೆ?

ಮೇ ತಿಂಗಳು ಬಂತು. ದಾವಣಗೆರೆಯಲ್ಲಿ ಮೇ ಅಂದರೆ ಬೆಳಿಗ್ಗೆಯೇ ಡಾಂಬರು ಚಪ್ಪಲಿಗೆ ಅಂಟುತ್ತದೆ. ಮಧ್ಯಾಹ್ನದ ಹೊತ್ತಿಗೆ ತಗಡು ಕಾದು ಟಣ್ ಅನ್ನುತ್ತದೆ, ಸಂಜೆ ಪಡುವಣದಲ್ಲಿ ಮೋಡ ಹೆಪ್ಪುಗಟ್ಟಿ ಜನರ ಮುಖ ನೋಡಿಕೊಂಡು ನಿಲ್ಲುತ್ತದೆ. ಭಾನುವಳ್ಳಿ ಕಡೆ ನಾಲೆಯ ನೀರು ತಡವಾಗಿ ಮುಟ್ಟುವುದರಿಂದ ನಾಟಿಯೂ ತಡ, ಕಟಾವೂ ತಡ. ಕಟಾವಿನ ಹೊತ್ತಿಗೆ ಮಳೆ ಬಾಗಿಲಲ್ಲಿ ಬಂದು ಕೂತಿರುತ್ತದೆ.

ಬುಕಿಂಗ್ ಶುರುವಾದ ಬೆಳಿಗ್ಗೆ ಮೊದಲ ನಂಬರು ಹೊಡೆದವರು ಭಾನುವಳ್ಳಿಯ ಬಸಣ್ಣ. ನಡುವಯಸ್ಸಿನ ಆಸಾಮಿ, ಹೊಸ ಫೋನು, ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಿಟ್ಟಿದ್ದರಂತೆ. ನಾನೂ ಖುಷಿಯಿಂದ ಮಿಷನ್ನಿನ ಹಿಂದೆಯೇ ಹೋದೆ. ಡ್ರೈವರು ದಾದಾಪೀರ್ ರಸ್ತೆಯಿಂದ ಇಳಿಸಿ ಬದುವಿನ ಹತ್ತಿರ ಬಂದು ಎಂಜಿನ್ ಆಫ್ ಮಾಡಿದರು. ಬಸಣ್ಣನ ಗದ್ದೆ ಒಳಗೆ, ಕಟ್ಟಕಡೆಗೆ. ರಸ್ತೆಗೂ ಅದಕ್ಕೂ ನಡುವೆ ಬೇರೆ ಬೇರೆಯವರ ಗದ್ದೆಗಳಲ್ಲಿ ಭತ್ತ ಎದೆಯೆತ್ತರ ನಿಂತಿದೆ. ಅದರ ಮೇಲೆ ಹೋಗಲಿಕ್ಕೆ ಯಾರು ಬಿಡುತ್ತಾರೆ?

ದಾದಾಪೀರ್ ಮೇಲಿನಿಂದ ಬಗ್ಗಿ ಕೇಳಿದರು, "ಮೇಡಮ್, ನಿಮ್ಮ ಮೊಬೈಲ್‌ನಾಗೆ ರೆಕ್ಕೆ ಬಟನ್ ಐತೇನ್ರಿ? ಒತ್ರಿ, ಹಾರಿಸ್ಕಂಡ್ ಹೋಗ್ತೀನಿ."

ಎರಡನೇ ನಂಬರು ಊರಿನ ಇನ್ನೊಂದು ತುದಿ. ಅಲ್ಲಿಗೆ ಹೋದರೆ ಅಲ್ಲೂ ಇದೇ ಕಥೆ. ಅವತ್ತು ಮಿಷನ್ ಕೊಯ್ದಿದ್ದಕ್ಕಿಂತ ತಿರುಗಿದ್ದೇ ಹೆಚ್ಚು. ಹಾದಿಯಲ್ಲಿ ಕಂಡವರೆಲ್ಲ "ಮೆರವಣಿಗೆ ಎಲ್ಲಿಗ್ರಿ?" ಅಂತ ಕೇಳುತ್ತಿದ್ದರು. ಪಾರ್ಲರಿನಲ್ಲಿ ಒಬ್ಬರ ತಲೆ ತುಳಿದುಕೊಂಡು ಇನ್ನೊಬ್ಬರ ತಲೆಗೆ ಹೋಗಬೇಕಾಗಿಲ್ಲ ಅನ್ನುವ ಸತ್ಯ ನನಗೆ ಆ ಬದುವಿನ ಮೇಲೆ ಹೊಳೆಯಿತು.

ಎರಡನೇ ಚಿತ್ರ ಬರೆದೆ. ಬುಕಿಂಗಿನಲ್ಲಿ ಒಂದು ಪ್ರಶ್ನೆ ಸೇರಿಸಿದೆ: ಮಿಷನ್ ಬರಲಿಕ್ಕೆ ದಾರಿ ಇದೆಯೇ? ಎಲ್ಲರೂ 'ಇದೆ' ಒತ್ತಿದರು. ಒತ್ತದೆ ಏನು ಮಾಡುತ್ತಾರೆ? 'ಇಲ್ಲ' ಅಂದರೆ ಮಿಷನ್ ಬರುವುದಿಲ್ಲ ಅಂತ ತಿಳಿಯದಷ್ಟು ದಡ್ಡರು ಯಾರಿದ್ದಾರೆ? ಮಿಷನ್ ಮತ್ತೆ ಬದುವಿನ ಮೇಲೆ ನಿಂತಿತು. ಸರ್‌ಗೆ ಹೇಳಿದರೆ, "ನಮ್ಮ ಸಿಸ್ಟಂ ಸರಿಯಾಗಿದೆ, ರೈತರು ಸುಳ್ಳು ಮಾಹಿತಿ ಕೊಟ್ಟಿದ್ದಾರೆ," ಅಂದರು.

"ಸುಳ್ಳು ಹೇಳಿಸೋ ಪ್ರಶ್ನೆ ಕೇಳಿದ್ದು ನಾವು ಸರ್," ಅಂದೆ. ಅವರು ಎ.ಸಿ. ಇನ್ನೊಂದು ಪಾಯಿಂಟು ಇಳಿಸಿದರು.

ಅಷ್ಟರಲ್ಲಿ ಏಜೆಂಟನ ಮಿಷನ್ನುಗಳು ಊರಿನ ಅಂಚಿಗೆ ಬಂದಿದ್ದವು. ಸುವರ್ಣಮ್ಮ ನನ್ನನ್ನು ಕರೂರಿನ ಶೆಡ್ಡಿಗೆ ಕರೆಸಿದರು. ಬಯ್ಯಲಿಕ್ಕೆ ಅಂದುಕೊಂಡು ಹೋದೆ, ಬೈದರು ಕೂಡ. ಬೈಗುಳ ಮುಗಿದ ಮೇಲೆ ಮಂಡಕ್ಕಿ ಮಿರ್ಚಿ ತರಿಸಿದರು. ನಾನು ಲ್ಯಾಪ್‌ಟಾಪ್ ತೆರೆದು ಮಿಷನ್ ಓಡಾಡಿದ ಜಾಡನ್ನು ನಕ್ಷೆಯ ಮೇಲೆ ಹರಡಿದೆ. ಎರಡು ಥರದ ಜಾಡು ಕಂಡವು. ಒಂದು, ಕೋಳಿ ಕೆದರಿದಂತೆ ಊರ ತುಂಬ. ಇನ್ನೊಂದು, ಬುಕಿಂಗ್ ಕೆಟ್ಟು ದಾದಾಪೀರ್ ತಮಗೆ ತೋಚಿದ ಕಡೆ ಕೊಯ್ದ ದಿನದ್ದು. ಅದು ರಸ್ತೆಯಿಂದ ಒಳಕ್ಕೆ ಒಂದೇ ಪಟ್ಟಿಯಾಗಿ ಹೋಗಿತ್ತು. ಆ ಪಟ್ಟಿಯ ಅಂಚು ಎಲ್ಲಿ ನಿಂತಿತು ಅಂತ ಬೆರಳಿಟ್ಟು ಕೇಳಿದೆ.

"ಅಲ್ಲಿಗೆ ಆ ತೂಬು ಮುಗೀತೈತೆ," ಅಂದರು ಸುವರ್ಣಮ್ಮ, ಅದರಲ್ಲೇನು ಕೇಳುವುದು ಅನ್ನುವಂತೆ.

ತೂಬು ಅಂದರೆ ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ಕಂಡಿ. ಒಂದು ತೂಬಿನ ಕೆಳಗಿನ ಗದ್ದೆಗಳಿಗೆಲ್ಲ ನೀರು ಒಂದೇ ಸಲಕ್ಕೆ. ಹಾಗಾಗಿ ನಾಟಿ ಒಂದೇ ಸಲಕ್ಕೆ, ಬೆಳೆ ಹಣ್ಣಾಗುವುದೂ ಒಂದೇ ಸಲಕ್ಕೆ. ನಾನು ಮಿರ್ಚಿ ಕೆಳಗಿಟ್ಟೆ.

"ಹಂಗಾದ್ರೆ ನಾವು ರೈತನ ಬುಕಿಂಗ್ ಯಾಕ ತಗಳ್ತೀವಿ ಅಮ್ಮ? ತೂಬಿನ ಬುಕಿಂಗ್ ತಗಳ್ಳೋಣ. ಒಂದು ತೂಬಿನೋರೆಲ್ಲ ಸೇರಿದ್ರೆ ಆ ತೂಬಿಗೆ ಒಂದು ನಂಬರ್. ರಸ್ತೆ ಕಡೆಯಿಂದ ಶುರು, ಒಳಗೆ ಮುಗಿಸೋದು."

"ನಿನಗೆ ಊರು ಗೊತ್ತಿಲ್ಲ ತಂಗಿ. ಒಂದೇ ತೂಬಿನಾಗೆ ಅಣ್ಣತಮ್ಮರೇ ಮಾತು ಬಿಟ್ಟು ಕುಂತಿರ್ತಾರೆ. ಅವರನ್ನ ಯಾರು ಕೂಡಿಸ್ತಾರೆ? ನಿನ್ನ ಮೊಬೈಲು?"

"ಮೊಬೈಲಲ್ಲ. ಅವಸರ ಕೂಡಿಸ್ತೈತೆ."

ಅಲ್ಲೇ ಕೂತು ಮೂರನೇ ಚಿತ್ರ ಬರೆದೆ, ಮೆಸೇಜೂ ಬದಲಿಸಿದೆ. 'ನಿಮ್ಮ ನಂಬರು ಇಷ್ಟು' ಅನ್ನುವುದನ್ನು ತೆಗೆದು, 'ನಿಮ್ಮ ತೂಬಿನಲ್ಲಿ ಇನ್ನೂ ಇಷ್ಟು ಜನ ಬಾಕಿ' ಅಂತ ಹೋಗುವ ಹಾಗೆ. ಮಿಷನ್ ಬೇಕಾದವನು ಬಾಕಿ ಇರುವವನ ಮನೆ ಬಾಗಿಲಿಗೆ ತಾನೇ ಹೋಗುತ್ತಾನೆ, ಮಾತು ಬಿಟ್ಟಿದ್ದರೂ ಹೋಗುತ್ತಾನೆ ಅನ್ನುವುದು ನನ್ನ ವಾದ.

ಹೊರಡುವಾಗ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನಡಿ ಇನ್ನೊಂದು ಮಿಷನ್ ಕಂಡಿತು. ಟೈರಿನ ಬದಲು ಚೈನು. ಕೆಸರಿನಲ್ಲೂ ಹೂತುಕೊಳ್ಳದೆ ನಡೆಯುವಂಥದ್ದು. ಚಿತ್ರ ಬರೆಯುವಾಗ ಇದನ್ನ ಯಾಕೆ ಹೇಳಲಿಲ್ಲ ಅಂದೆ.

"ಅದು ಬ್ಯಾಡ. ಅದು ಹದಡಿ ಬೀಗರಿಗೆ. ಮಗಳ್ನ ಕೊಟ್ಟ ಮನೆ."

"ಬಾಡಿಗೆಗೆ ಬಿಡಲ್ವಾ?"

"ಬ್ಯಾಡ ಅಂದ್ನಲ್ಲ." ಟಾರ್ಪಾಲನ್ನು ಇನ್ನಷ್ಟು ಎಳೆದು ಮುಚ್ಚಿದರು. ಅವತ್ತಿಗೆ ಬಿಟ್ಟೆ.

ಮೂರನೇ ಚಿತ್ರಕ್ಕೆ ಗಿರೀಶ್ ಸರ್ ಒಪ್ಪಲಿಲ್ಲ. ಸಹಿ ಬಿದ್ದದ್ದು ಮೊದಲ ಚಿತ್ರಕ್ಕೆ, ಬದಲಾವಣೆಗೆ ಹೊಸ ಕರಾರು ಬೇಕು, ಅದು ಮುಂದಿನ ತಿಂಗಳು. ಮುಂದಿನ ತಿಂಗಳು ಭತ್ತ ಮಳೆಗೆ ನೆಂದು ಮೊಳಕೆ ಬಂದಿರುತ್ತೆ ಸರ್ ಅಂದೆ. ಅದು ನಮ್ಮ ಸಮಸ್ಯೆ ಅಲ್ಲ ಅಂದರು. ನಾನು ನನ್ನ ಮೇಜಿಗೆ ಹೋಗಿ ಮೂರನೆಯದನ್ನು ಸಿಸ್ಟಂಗೆ ಹಾಕಿಬಿಟ್ಟೆ. ಕದ್ದು ಹಾಕಲಿಲ್ಲ, ಹಾಕಿ ಅವರಿಗೇ ಮೆಸೇಜು ಮಾಡಿದೆ. ಉತ್ತರ ತಕ್ಷಣ ಬಂತು: ಸೋಮವಾರದಿಂದ ಈ ಪ್ರಾಜೆಕ್ಟಿನಲ್ಲಿ ನೀನಿಲ್ಲ.

ಸೋಮವಾರಕ್ಕೆ ಇನ್ನೂ ದಿನಗಳಿದ್ದವು. ಅವತ್ತು ಸಂಜೆಯೇ ಸುವರ್ಣಮ್ಮನ ಜೊತೆ ಭಾನುವಳ್ಳಿಯ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದೆ. ರೈತರು ಬಂದಿದ್ದರು. ಬಸಣ್ಣ ಎಲ್ಲರಿಗಿಂತ ಮುಂದೆ ನಿಂತು, ಫೋನನ್ನು ಒಬ್ಬೊಬ್ಬರ ಮುಖಕ್ಕೂ ಹಿಡಿದರು.

"ನಂದು ಫಸ್ಟ್ ನಂಬರ್. ಇಲ್ಲೈತೆ ನೋಡ್ರಿ."

"ಐತ್ರಿ. ಕೊಟ್ಟೋಳು ನಾನೇ."

"ಈಗ ಇಲ್ಲ ಅಂತೀಯ."

"ಈಗ ಇಲ್ಲ ಅಂತೀನಿ."

"ಕೊಟ್ಟೋಳೂ ನೀನೆ, ಕಸ್ಕಳ್ಳೋಳೂ ನೀನೆ. ಯಾವ ನ್ಯಾಯ ತಂಗಿ ಇದು? ಮೊದ್ಲು ಬಂದೋರಿಗೆ ಮೊದ್ಲು ಅನ್ನೋದು ರೇಷನ್ ಅಂಗಡಿಯಾಗೂ ನಡೀತೈತೆ."

"ರೇಷನ್ ಅಂಗಡಿಯಾಗೆ ನಿಮ್ಮ ಅಕ್ಕಿ ತಗಳಕ್ಕೆ ಮುಂದಿನೋರ ಚೀಲ ಒಡೆದು ತುಳಕಂಡು ಹೋಗ್ಬೇಕೇನ್ರಿ?"

ಹೋಟೆಲು ನಕ್ಕಿತು. ಬಸಣ್ಣ ನಗಲಿಲ್ಲ. "ನಗಸೋದು ಬ್ಯಾಡ. ತೂಬಿನ ಲೆಕ್ಕ ಹಿಡಿದ್ರೆ ನಂದು ಕಟ್ಟಕಡೆ. ನಡುವೆ ಮಳೆ ಬಂತು ಅನ್ನು. ಯಾರ್ದು ಹೋಗೋದು? ರಸ್ತೆ ಮಗ್ಗಲಿನೋರದಾ, ನಂದಾ?"

ಉತ್ತರ ಇಲ್ಲದಾಗ ವಿಷಯ ತಿರುಗಿಸು, ತೀರ್ಪುಗಾರರು ಗಮನಿಸುವುದಿಲ್ಲ ಅಂತ ನಮಗೆ ಚರ್ಚೆಯಲ್ಲಿ ಕಲಿಸಿದ್ದರು. ಇಲ್ಲಿ ಹೋಟೆಲಿನ ತುಂಬ ತೀರ್ಪುಗಾರರೇ ಕೂತಿದ್ದರು.

"ನಿಮ್ದೇ ಹೋಗೋದು," ಅಂದೆ. "ಅದನ್ನಿನ್ನೂ ಸರಿಮಾಡಿಲ್ಲ. ಆದ್ರೆ ಹಳೇ ಲೆಕ್ಕದಾಗೆ ಮಿಷನ್ ಬದುವಿನ ಮೇಲೆ ನಿಂತು ಎಲ್ಲಾರದೂ ಹೋಗ್ತಿತ್ತು. ಒಂದು ತೂಬು ನೋಡ್ರಿ. ತಪ್ಪಾದ್ರೆ ಇಲ್ಲೇ ಕೂತು ಮತ್ತೆ ಬರೆಯೋಣ."

ಒಲೆಯ ಹತ್ತಿರದಿಂದ ಯಾರೋ ಅಂದರು, "ಇವಳು ಗೌರ್ಮೆಂಟ್‌ನೋಳು ಅಲ್ಲ ಬಿಡ್ರಪ್ಪ. ತಪ್ಪು ಅಂತ ಒಪ್ಕಂತಾಳೆ."

ಬಸಣ್ಣನ ತೂಬೇ ಮೊದಲು ಕೂಡಿತು. ಮೂವರು ಬಾಕಿ ಅಂತ ಮೆಸೇಜು ಬಂದಾಗ ಬಸಣ್ಣ ತಾವೇ, ವರ್ಷಗಟ್ಟಲೆ ಮಾತಾಡಿಸದಿದ್ದ ತಮ್ಮನ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, "ಒತ್ತೋ ಮಾರಾಯ" ಅಂದು ತಿರುಗಿ ಬಂದರಂತೆ. ಇಬ್ಬರೂ ಇವತ್ತಿಗೂ ಮಾತಾಡುವುದಿಲ್ಲ. ತಮ್ಮ ಬಟನ್ ಒತ್ತಿದ, ನನಗೆ ಅಷ್ಟು ಸಾಕಿತ್ತು. ದಾದಾಪೀರ್ ರಸ್ತೆಯಿಂದ ಶುರುಮಾಡಿ ಎಲ್ಲೂ ನಿಲ್ಲಲಿಲ್ಲ. ಪಕ್ಕದ ತೂಬಿನವರು ಬದುವಿನ ಮೇಲೆ ನಿಂತು ನೋಡಿ, ನಮ್ಮಲ್ಲಿ ಯಾರು ಬಾಕಿ ಅಂತ ಒಬ್ಬರಿಗೊಬ್ಬರು ಫೋನು ಹಚ್ಚಿದರು.

ಭಾನುವಾರ ಸಂಜೆ ಮಿಷನ್ ಕಟ್ಟಕಡೆಯ ಗದ್ದೆಗೆ ಇಳಿದಾಗ ಗಾಳಿ ಎದ್ದಿತು. ಬಸಣ್ಣನ ಗದ್ದೆ ಅರ್ಧವಾಗಿತ್ತು. ಮಳೆ ಹೊಡೆದ ಹೊಡೆತಕ್ಕೆ ಉಳಿದರ್ಧ ಮಲಗಿತು. ಟೈರ್ ಮಿಷನ್ ಹೂತುಕೊಳ್ಳುವ ಮೊದಲೇ ದಾದಾಪೀರ್ ಹಿಂದಕ್ಕೆ ತೆಗೆದರು.

ಮರುದಿನ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಚೈನ್ ಮಿಷನ್ ಲಾರಿ ಹತ್ತಿ ಕೂತಿತ್ತು, ಹದಡಿಗೆ ಹೊರಡಲು. ನನ್ನ ಹಿಂದೆಯೇ ಬಸಣ್ಣ ಬಂದರು. ಪಂಚೆಗೆಲ್ಲ ಕೆಸರು.

"ತೆಗಿ ನಿನ್ನ ಲ್ಯಾಪ್‌ಟಾಪು. ನನ್ನ ಅರ್ಧ ಗದ್ದೆ ನಿನ್ನ ಚಿತ್ರದಾಗೆ ಎಲ್ಲಿ ಬರ್ತೈತೆ, ತೋರ್ಸು."

ತೆರೆದು ತೋರಿಸಿದೆ. ಎಲ್ಲೂ ಬಂದಿರಲಿಲ್ಲ.

"ಏಜೆಂಟನ ಚೈನ್ ಮಿಷನ್ ಹರಿಹರದಾಗೆ ನಿಂತೈತೆ," ಅಂದರು ಬಸಣ್ಣ, ಈ ಸಲ ಸುವರ್ಣಮ್ಮನಿಗೆ. "ನಾನು ಕರೆದ್ರೆ ನಾನೊಬ್ನೇ ಕರೆಯೋದಿಲ್ಲಮ್ಮ. ಒಳಗದ್ದೆಯೋರು ಎಲ್ಲಾ ತೂಬಿನಾಗೂ ಅದಾರೆ. ನನ್ನ ನೋಡ್ತಾ ಕುಂತಾರೆ."

ನಾನು ಲ್ಯಾಪ್‌ಟಾಪನ್ನು ಸುವರ್ಣಮ್ಮನ ಕಡೆ ತಿರುಗಿಸಿದೆ. "ಅಮ್ಮ, ಈ ಚಿತ್ರದಾಗೆ ಒಂದು ಡಬ್ಬಿ ಕಡಿಮೆ ಐತೆ. ಅದು ಲಾರಿ ಮೇಲೆ ಕೂತೈತೆ. ಪ್ರತಿ ತೂಬಿನ ಕಟ್ಟಕಡೆ ಗದ್ದೆ ಚೈನ್ ಮಿಷನ್ನಿಗೆ ಅಂತ ಬರೆದ್ರೆ ಇವರ ಪ್ರಶ್ನೆಗೆ ಉತ್ತರ ಆಯ್ತು."

"ಬೀಗರಿಗೆ ಮಾತು ಕೊಟ್ಟೀನಿ. ನಾಳೆ ನನ್ನ ಮಗಳು ಮಾತು ಕೇಳ್ಬೇಕು. ನಿನಗೇನು ಗೊತ್ತು ಬೀಗರ ಸುದ್ದಿ?"

"ಏನೂ ಗೊತ್ತಿಲ್ಲ. ನೀವು ಹೇಳಿ ಬರೆಸಿದ ಸಾಲು ಗೊತ್ತು. ಎಲ್ಲಾರ ಗದ್ದೆ ಅಂದ್ರಿ. ಬೀಗರದು ಮೊದ್ಲು, ಆಮೇಲೆ ಎಲ್ಲಾರದು ಅನ್ಲಿಲ್ಲ." ನನ್ನ ದನಿ ಏರಿತ್ತು, ಏರಲಿ ಅಂತ ಬಿಟ್ಟೆ. "ಇಷ್ಟು ದಿನ ನಿಮ್ಮ ವ್ಯಾಪಾರ ನೋಡ್ಕಂಡು ಸಾಫ್ಟ್‌ವೇರ್ ತಿದ್ದಿದೆ, ಎರಡು ಸಲ. ಅದಕ್ಕೆ ಬೈಸ್ಕಂಡೆ. ಈಗ ತಿದ್ದಕ್ಕೆ ಉಳಿದಿರೋದು ನಿಮ್ಮ ವ್ಯಾಪಾರ. ಆ ಸಾಲು ಅಳಿಸಿ ಅನ್ರಿ, ಈಗಲೇ ಅಳಿಸ್ತೀನಿ. ಇಲ್ಲಾ ಲಾರಿ ತಿರುಗಿಸ್ರಿ."

ದಾದಾಪೀರ್ ಲಾರಿ ಸ್ಟಾರ್ಟ್ ಮಾಡಿ ಕಿಟಕಿಯಿಂದ ತಲೆ ಹೊರಹಾಕಿದರು. "ಎತ್ಲಾಗೆ ಅಮ್ಮ?"

ಅಷ್ಟರಲ್ಲಿ ಸುವರ್ಣಮ್ಮನ ಫೋನು ಹೊಡೆದುಕೊಂಡಿತು. ಹದಡಿಯಿಂದಲೇ. ಅವರು ಸೆರಗು ಸರಿಮಾಡಿಕೊಂಡು ಎತ್ತಿದರು. "ನಮಸ್ಕಾರ್ರಿ ಬೀಗರೇ... ಹೂಂನ್ರಿ, ಇಲ್ಲೂ ಬಂತು, ಚೆನ್ನಾಗೇ ಹೊಡೀತು... ಮಿಷನ್ ಲಾರಿ ಹತ್ತೈತ್ರಿ." ಹೇಳುತ್ತ ಹೇಳುತ್ತ ಇನ್ನೊಂದು ಕೈಯನ್ನು ದಾದಾಪೀರ್ ಕಡೆ ಬೀಸಿದರು, ಹರಿಹರದ ದಿಕ್ಕಿಗೆ, ಭಾನುವಳ್ಳಿ ಕಡೆಗೆ. ಬಸಣ್ಣ ಒಂದು ಕ್ಷಣ ಆ ಕೈಯನ್ನೇ ನೋಡಿ, ಪಂಚೆ ಎತ್ತಿಕಟ್ಟಿ, ಓಡಿಹೋಗಿ ಲಾರಿ ಹತ್ತಿದರು. ಆ ಸುಗ್ಗಿಗೆ ಭಾನುವಳ್ಳಿಯ ಯಾವ ತೂಬೂ ಏಜೆಂಟನನ್ನು ಕರೆಯಲಿಲ್ಲ. ಆದರೆ ಅದು ಆಮೇಲೆ ತಿಳಿದ ಸಂಗತಿ. ಆ ಹೊತ್ತಿಗೆ ಸುವರ್ಣಮ್ಮನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಕಳಿಸ್ತೀನ್ರಿ, ನಿಮಗಲ್ದೆ ಇನ್ಯಾರಿಗೆ," ಅಂದರು ಫೋನಿಗೆ. "ಆದ್ರೆ ಈಗ ಎಲ್ಲಾ ಮೊಬೈಲ್‌ನಾಗೆ ನೋಡ್ರಿ, ನನ್ನ ಕೈಯಾಗೆ ಏನೂ ಇಲ್ಲ. ನಿಮ್ಮ ತೂಬಿನಾಗೆ ಇನ್ನೂ ಇಬ್ರು ಬಾಕಿ ಅಂತ ತೋರಿಸ್ತೈತೆ. ಅವರನ್ನೊಂದು ಕೂಡಿಸಿಬಿಡ್ರಿ."

ಹದಡಿಯ ಒಂದು ತೂಬನ್ನೂ ನಾನಿನ್ನೂ ಚಿತ್ರಕ್ಕೆ ಸೇರಿಸಿರಲಿಲ್ಲ.

ಸುವರ್ಣಮ್ಮ ಫೋನಿನ ಬಾಯಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು. "ಏನ್ ನೋಡ್ತಾ ನಿಂತಿ? ಜಲ್ದಿ ಬರಿ."

ಅವತ್ತು ಸೋಮವಾರ. ಪ್ರಾಜೆಕ್ಟಿನಲ್ಲಿ ನಾನಿರಲಿಲ್ಲ. ಕಾಲಲ್ಲಿ ಒಂದು ಎಣ್ಣೆ ಡಬ್ಬ ಎಳೆದುಕೊಂಡು ಕೂತೆ, ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟುಕೊಂಡು ಹದಡಿ ನಾಲೆಯ ಮೊದಲ ಗೀಟು ಎಳೆದೆ.